ಕಪ್ಪು ಮುಸುಕಿನಾಕಿಯ ಸವಾಲು

ಟೀವಿ ರಿಪೇರಿ ಮಾಡುವವನಿಗೆ ಟೀವಿಯೊಳಗಿನ ಕತೆಯೂ ಗೊತ್ತಿರುತ್ತದೆ ಎಂದು ನಂಬುವ ಜನ ಬೇರೆ ಕಡೆ ಇದ್ದಾರೋ ಇಲ್ಲವೋ, ಬನಹಟ್ಟಿಯಲ್ಲಂತೂ ಇದ್ದರು. ನಮ್ಮ ಬಾಗಲಕೋಟೆ ಜಿಲ್ಲೆ ವಿಜಾಪುರದಿಂದ ಬೇರೆಯಾದ ಹೊಸತು. ಮಗ್ಗಗಳ ಓಣಿಯೊಂದರಲ್ಲಿ ನನ್ನದೊಂದು ಸಣ್ಣ ಅಂಗಡಿ ಇತ್ತು: ಒಂದು ಮೇಜು, ಒಂದು ಮೀಟರು, ಹಿಂದಿನ ಮುಚ್ಚಳ ಬಿಚ್ಚಿದ ಎಂಟು ಹತ್ತು ಟೀವಿ. ರವಿವಾರ ಬೆಳಿಗ್ಗೆ ಹಿಂದಿಯಲ್ಲಿ ಒಂದು ಮಾಯಾಮಂತ್ರದ ಧಾರಾವಾಹಿ ಬರುತ್ತಿತ್ತು. ಅದರ ದೆಸೆಯಿಂದ ಶನಿವಾರ ಮಧ್ಯಾಹ್ನದಿಂದಲೇ ನನ್ನ ಅಂಗಡಿಯಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ. ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು, ತಲೆ ಮೇಲೆ ಹೊತ್ತುಕೊಂಡು, ಕೂಸಿಗೆ ಹೊದಿಸಿದ ಹಾಗೆ ಚಾದರ ಹೊದಿಸಿಕೊಂಡು ಟೀವಿ ತರುತ್ತಿದ್ದರು. ಮನೆಯ ಮುದುಕಿಗೆ ಜ್ವರ ಬಂದರೆ ಸೋಮವಾರ ನೋಡೋಣ ಎನ್ನುವ ಇದೇ ಜನ, ಟೀವಿಯಲ್ಲಿ ಒಂದು ಗೆರೆ ಬಂದರೆ ನನ್ನ ಬಾಗಿಲು ಬಡಿಯುತ್ತಿದ್ದರು.

ಧಾರಾವಾಹಿಯ ಕತೆ ಇಷ್ಟೇ. ಒಬ್ಬ ರಾಜ. ಅವನ ಕಿರೀಟವನ್ನು ಯಾರು ಇಟ್ಟುಕೊಂಡರೂ ತಲೆ ಸುಡುತ್ತದೆ. ಅದಕ್ಕೇ ಕಿರೀಟವನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದ್ದಾರೆ. ಕೀಲಿಕೈ ಒಬ್ಬ ಕಪ್ಪು ಮುಸುಕಿನ ಹೆಂಗಸಿನ ಸೊಂಟದಲ್ಲಿದೆ. ಪ್ರತಿ ವಾರ ಕೊನೆಗೆ ಆಕೆ ಕೋಟೆಯ ಗೋಡೆ ಹತ್ತಿ ನಿಲ್ಲುತ್ತಾಳೆ, ಗಾಳಿ ಬೀಸುತ್ತದೆ, ಮುಸುಕು ಮೇಲೇಳುತ್ತದೆ, ಗದ್ದ ಕಾಣುತ್ತದೆ, ಅಲ್ಲಿಗೆ ಮುಗಿಯಿತು. ಮುಂದಿನ ವಾರ ಮತ್ತೆ ಗಾಳಿ, ಮತ್ತೆ ಗದ್ದ. ತಿಂಗಳುಗಟ್ಟಲೆ ನಡೆದರೂ ಆ ಮುಸುಕು ಗದ್ದದಿಂದ ತುಟಿಗೆ ಏರಲಿಲ್ಲ. ಮುಂದೇನು ಹೇಳಬೇಕೆಂದು ತಿಳಿಯದಾಗ ಇವರು ಗಾಳಿ ಬೀಸಿಸುತ್ತಾರೆ ಎನ್ನುವುದು ನನಗೆ ಎರಡನೇ ವಾರವೇ ಗೊತ್ತಾಗಿತ್ತು.

ಜನಕ್ಕೆ ಗೊತ್ತಾಗಲಿಲ್ಲ. ಗೊತ್ತಾಗುವುದು ಅವರಿಗೆ ಬೇಕಾಗಿಯೂ ಇರಲಿಲ್ಲ. ಮುಸುಕಿನಾಕಿ ರಾಜನ ಮಲತಾಯಿ ಎಂದು ಒಂದು ಪಕ್ಷ, ಸತ್ತಳೆಂದು ಎಲ್ಲರೂ ನಂಬಿದ್ದ ತಂಗಿ ಎಂದು ಇನ್ನೊಂದು ಪಕ್ಷ. ಹಿಂದಿ ಬಾರದವರೇ ಹೆಚ್ಚು ಖಾತ್ರಿಯಿಂದ ಮಾತಾಡುತ್ತಿದ್ದರು. ಮಗ್ಗದ ನೂಲಿನ ಕಂಡಿಕೆ ಸುತ್ತುವ ಒಬ್ಬ ಹೆಂಗಸು, ಆಕೆಯ ಗದ್ದದ ಮೇಲೆ ಮಚ್ಚೆ ಇದೆ, ರಾಜನ ತಂಗಿಗೂ ಇತ್ತು ಎಂದು ಮೂರು ವಾರ ವಾದ ಮಾಡಿದಳು. ಕೊನೆಗೆ ಆಕೆಯ ಟೀವಿ ನನ್ನ ಮೇಜಿಗೆ ಬಂತು. ಒದ್ದೆ ಅರಿವೆಯಿಂದ ಗಾಜು ಒರೆಸಿ, "ನೋಡವ್ವಾ, ನಿನ್ನ ಮಚ್ಚಿ ಹೋತು. ನೊಣ ಹೇತಿತ್ತು" ಅಂದೆ. ಆಕೆ ನನ್ನ ಮೇಲೆ ಸಿಟ್ಟಾದಳೇ ಹೊರತು ನೊಣದ ಮೇಲಲ್ಲ.

ನನಗೆ ಇವರನ್ನು ಕಂಡರೆ ತಾತ್ಸಾರ. ಅದನ್ನು ಮುಚ್ಚಿಡುವುದಿಲ್ಲ. ಯಾಕೆಂದರೆ ಕತೆ ಎಂದರೇನೆಂದು ನನಗೆ ಗೊತ್ತಿದೆ ಎಂದು ನಾನು ತಿಳಿದುಕೊಂಡಿದ್ದೆ, ಮತ್ತು ಅದನ್ನು ಕಲಿಸಿದವನು ಸಣ್ಣ ಮನುಷ್ಯನಾಗಿರಲಿಲ್ಲ. ಅವನು ನನ್ನ ಸೋದರಮಾವ. ಚಿಕ್ಕಪಡಸಲಗಿಯಿಂದ ಹೊಳೆದಂಡೆ ಹಿಡಿದು ಅರ್ಧ ತಾಸು ನಡೆದರೆ ನಮ್ಮ ಊರು. ಮಾವನಿಗೆ ಒಂದಿಷ್ಟು ಕುರಿ, ಒಂದಿಷ್ಟು ಹೊಲ. ಆದರೆ ಸುತ್ತಿನ ಊರುಗಳಲ್ಲಿ ಅವನನ್ನು ಯಾರೂ ಕುರಿಯ ಲೆಕ್ಕದಲ್ಲಿ ಗುರುತಿಸುತ್ತಿರಲಿಲ್ಲ. ನಮ್ಮ ಬೀರೇಶ್ವರ ಗುಡಿಯ ಡೊಳ್ಳಿನ ಮೇಳಕ್ಕೆ ಅವನು ಮುಖ್ಯ ಹಾಡುಗಾರ.

ಅಮಾವಾಸ್ಯೆ ದಿನ ನಮ್ಮಲ್ಲಿ ಯಾರೂ ಎತ್ತು ಹೂಡುವುದಿಲ್ಲ. ಮಧ್ಯಾಹ್ನದ ಪೂಜೆ ಮುಗಿಯುತ್ತಲೇ ಗುಡಿಯ ಮುಂದೆ ಹಾಡಕಿ. ಎರಡು ಊರಿನ ಮೇಳ ಗುಡಿಯ ಕಟ್ಟೆಯ ಮೇಲೆ ಎದುರುಬದುರು ನಿಲ್ಲುತ್ತವೆ. ಒಂದು ಮೇಳ ಪುರಾಣದಿಂದ ಒಂದು ಗಂಟು ತೆಗೆದು ಹಾಡಿನಲ್ಲಿ ಸವಾಲು ಹಾಕುತ್ತದೆ: ಇಂಥವಳು ಯಾರ ಮಗಳು, ಇಂಥವನು ಯಾಕೆ ಅಡವಿಗೆ ಹೋದ. ಎದುರಿನವರು ಹಾಡಿನಲ್ಲೇ ಬಿಡಿಸಬೇಕು. ಬಿಡಿಸಲಾಗದ ಮೇಳದ ಹಿರಿಯ ತಾನೇ ಎದ್ದು ಹೋಗಿ ಗೆದ್ದವನ ಹಣೆಗೆ ದೇವರ ಅರಿಶಿನ, ಅಂದರೆ ಭಂಡಾರ, ಹಚ್ಚಿ ಕಟ್ಟೆ ಇಳಿಯಬೇಕು. ಹದಿನೆಂಟು ವರ್ಷದಲ್ಲಿ ಮಾವ ಒಮ್ಮೆಯೂ ಕಟ್ಟೆ ಇಳಿದಿರಲಿಲ್ಲ. ಅವನಿಗಿದ್ದ ದೊಡ್ಡಸ್ತಿಕೆ ಅದೊಂದೇ. ಮಳೆ ಹೋಗಲಿ, ಕುರಿ ಸಾಯಲಿ, ಅಮಾವಾಸ್ಯೆ ದಿನ ಆ ಕಟ್ಟೆಯ ಮೇಲೆ ಅವನು ಅರಸನ ಹಾಗೆ ನಿಲ್ಲುತ್ತಿದ್ದ.

ಅವನಿಗೆ ಓದು ಬರೆಹ ಬರುತ್ತಿರಲಿಲ್ಲ. ಹಾಡಿನ ಪದ ಕಟ್ಟಿ ವಹಿಯಲ್ಲಿ ಬರೆಯುವ ಕೆಲಸ ನನ್ನದು. ಬನಹಟ್ಟಿಯಿಂದ ಅಮಾವಾಸ್ಯೆಗೆ ಊರಿಗೆ ಹೋದಾಗ ಬರೆದದ್ದನ್ನು ಅವನಿಗೆ ಓದಿ ಹೇಳುತ್ತಿದ್ದೆ. ಪ್ರಾಸ ಚೆನ್ನಾಗಿದೆ ಎಂದು ಅವನು ಒಮ್ಮೆಯೂ ಹೇಳಿದವನಲ್ಲ. ಕಣ್ಣು ಮುಚ್ಚಿ ಕೇಳಿ, "ಆಕಿ ಮನಿ ಬಿಟ್ಟು ಹ್ವಾದ್ಲು ಅಂದಿ. ಯಾಕ ಹ್ವಾದ್ಲು?" ಎನ್ನುತ್ತಿದ್ದ. ಆ ಯಾಕೆ ಸಿಗುವ ತನಕ ಪದ ಅವನ ಬಾಯಿಗೆ ಏರುತ್ತಿರಲಿಲ್ಲ. ಇಂಥವನ ಕೈಯಲ್ಲಿ ಪಳಗಿದ ನನಗೆ, ವಾರಗಟ್ಟಲೆ ಗದ್ದ ನೋಡಿ "ಯಾರು, ಯಾರು" ಎಂದು ಬಾಯಿ ಬಿಡುವ ಮಂದಿ ಮೂರ್ಖರಂತೆ ಕಂಡರೆ ತಪ್ಪೇನು? ಅವರಲ್ಲಿ ಒಬ್ಬರೂ ಆ ಹೆಂಗಸು ಯಾಕೆ ಮುಸುಕು ಹಾಕಿಕೊಂಡಳೆಂದು ಕೇಳಲಿಲ್ಲ.

ಒಂದು ಶನಿವಾರ ಓಣಿಯ ಮಗ್ಗದ ಸಾವುಕಾರ ತನ್ನ ಟೀವಿ ತಂದು, ಅಂಗಡಿಯಲ್ಲಿದ್ದ ಒಂದೇ ಒಂದು ಕುರ್ಚಿಯಲ್ಲಿ ಕೂತುಬಿಟ್ಟ. ದೊಡ್ಡ ಹೊಟ್ಟೆ, ಬಾಯಲ್ಲಿ ಎಲೆಅಡಿಕೆ. ನಾನು ಬೆಸುಗೆ ಹಾಕುತ್ತಿದ್ದರೆ ನನ್ನ ಕೈಯನ್ನೇ ನೋಡುತ್ತಿದ್ದ.

"ಮಿಸ್ತ್ರಿ, ಖರೆ ಹೇಳ್ರಿ. ಆ ಮುಸುಕಿನಾಕಿ ಯಾರು?"

"ನನಗೇನು ಗೊತ್ರಿ ಸಾವ್ಕಾರ್ರ."

"ದಿನಾ ಅದರ ಹೊಟ್ಟ್ಯಾಗ ಕೈ ಹಾಕವ್ರು ನೀವು. ನಿಮಗ ಗೊತ್ತಿಲ್ಲಂದ್ರ ಮತ್ತ್ಯಾರಿಗೆ ಗೊತ್ತಿರತೈತಿ?"

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಇಲ್ಲ. ನಲವತ್ತು ಮಗ್ಗ ನಡೆಸುವ ಆ ಮನುಷ್ಯ, ವಯರುಗಳ ನಡುವೆ ಎಲ್ಲೋ ಮುಂದಿನ ವಾರದ ಕತೆ ಸುತ್ತಿ ಇಟ್ಟಿರುತ್ತಾರೆ ಎಂದು ನಂಬಿದ್ದ. ನಾನು ಹಾಗಲ್ಲ ಅಂದಷ್ಟೂ ಅವನ ನಂಬಿಕೆ ಗಟ್ಟಿಯಾಯಿತು. ಒಂದು ತಾಸು ತಲೆ ತಿಂದ. ಕೊನೆಗೆ ನಾನು ಎದ್ದು, ಓಣಿಯ ಆಚೀಚೆ ನೋಡಿ, ದನಿ ಇಳಿಸಿ ಹೇಳಿದೆ: "ಯಾರ ಮುಂದೂ ಹೇಳಬ್ಯಾಡ್ರಿ. ಆಕಿ ರಾಜನ ದಾಯಿ. ಸಣ್ಣಾಂವ ಇದ್ದಾಗ ಅವಗ ಹಾಲು ಕುಡಿಸಿದಾಕಿ."

ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಅವನನ್ನು ಕುರ್ಚಿಯಿಂದ ಎಬ್ಬಿಸಬೇಕಿತ್ತು, ಅಷ್ಟೇ. ಎದ್ದ. ಟೀವಿಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು, ಧೋತರ ಎತ್ತಿಕೊಂಡು ಓಣಿಯಲ್ಲಿ ಹೆಚ್ಚುಕಡಿಮೆ ಓಡಿದ. ಆವತ್ತು ಒಬ್ಬನೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಸೋಮವಾರದ ಹೊತ್ತಿಗೆ ಮಗ್ಗದ ಮಂದಿಗೆಲ್ಲ ದಾಯಿಯ ವಿಷಯ ಗೊತ್ತಾಗಿತ್ತು. ಗುರುವಾರ ತೇರದಾಳದಿಂದ ರೇಡಿಯೋ ತಂದ ರೈತ ಅದನ್ನೇ ಹೇಳಿದ. ಮೂರು ವಾರದ ಮೇಲೆ ಬಿಡಿಭಾಗ ತರಲು ಜಮಖಂಡಿಗೆ ಹೋಗಿದ್ದೆ. ಚಹಾದಂಗಡಿಯಲ್ಲಿ ಪಕ್ಕದಲ್ಲಿ ಕೂತ ಅಪರಿಚಿತನೊಬ್ಬ ನನ್ನ ತೊಡೆ ತಟ್ಟಿ, "ನಿಮಗ ಒಂದು ಮಾತು ಹೇಳ್ತೀನಿ, ಮುಂಬೈದಾಗ ನಮ್ಮವರೊಬ್ಬರು ಅದಾರ, ಅವರು ಹೇಳಿದ್ದು" ಎಂದು ಶುರು ಮಾಡಿ ನನ್ನ ದಾಯಿಯನ್ನು ನನಗೇ ಹೇಳಿದ. ಅವನ ಕಣ್ಣು ಹೊಳೆಯುತ್ತಿದ್ದವು. ಇಂಥ ದಡ್ಡನನ್ನು ನೋಡಿ ನಗು ಬರಬೇಕಿತ್ತು, ಬಂತೂ ಕೂಡ. ಆದರೆ ನಗುವಿನ ಕೆಳಗೆ ಬೇರೆ ಒಂದು ಹಿಗ್ಗು ಇತ್ತು. ಹತ್ತು ವರ್ಷ ಕೂತು ಬರೆದ ನನ್ನ ಪದಗಳು ಹೊಳೆಯ ಎರಡು ದಂಡೆ ದಾಟಿರಲಿಲ್ಲ. ಬಾಯಿ ತಪ್ಪಿ ಆಡಿದ ಒಂದು ಮಾತು ಇಡೀ ತಾಲೂಕು ತಿರುಗುತ್ತಿತ್ತು. ಅವನ ಚಹಾದ ದುಡ್ಡು ನಾನೇ ಕೊಟ್ಟೆ.

ಅದಾಗಿ ಬಂದ ಅಮಾವಾಸ್ಯೆಗೆ ನಮ್ಮ ಗುಡಿಗೆ ಎದುರು ಮೇಳವಾಗಿ ಬಂದವರು ಬೀಳಗಿ ಕಡೆಯವರು. ಅವರ ಹಳೆಯ ಊರು ಆಲಮಟ್ಟಿಯ ಹಿನ್ನೀರಿಗೆ ಸಿಕ್ಕು, ದಿನ್ನೆ ಮೇಲಿನ ಹೊಸ ಊರಿಗೆ ಬಂದಿದ್ದರು. ಪರಿಹಾರ ಕೈಗೆ ಬಂದಾಗ ಗೋಡೆಗೆ ಸುಣ್ಣ ಬಳಿಯುವ ಮೊದಲೇ ಟೀವಿ ತಂದಿದ್ದರು. ಅವರ ಹಾಡುಗಾರ ಎಳೆಯ ಗಂಡಸು, ಕಂಠ ಚೆನ್ನಾಗಿತ್ತು, ಪುರಾಣ ಅಷ್ಟಕ್ಕಷ್ಟೆ. ಮಾವ ಅವನ ಮೂರು ಸವಾಲನ್ನು ಆಕಳಿಸುತ್ತ ಬಿಡಿಸಿದ. ನಾನು ವಹಿ ಹಿಡಿದು ಕಟ್ಟೆಯ ಮೇಲೆ ಮಾವನ ಹಿಂದೆ ಒಂದು ಮಗ್ಗುಲಿಗೆ ಕೂತಿದ್ದೆ.

ನಾಲ್ಕನೆಯದಕ್ಕೆ ಅವನು ಡೊಳ್ಳನ್ನು ಮೆಲ್ಲಗೆ ಹೊಡೆಸಿದ. ಸುಡುವ ಕಿರೀಟದ ಅರಸ, ಕೀಲಿ ಹಾಕಿದ ಪೆಟ್ಟಿಗೆ, ಸೊಂಟದಲ್ಲಿ ಕೀಲಿಕೈ ಇಟ್ಟುಕೊಂಡು ಕೋಟೆ ಮೇಲೆ ನಿಂತ ಕಪ್ಪು ಮುಸುಕಿನಾಕಿ ಯಾರು, ಬಲ್ಲವ ಇದ್ದರೆ ಹೇಳು ಎಂದು ಹಾಡಿದ. ಯಾವ ಪುರಾಣ ಎಂದು ಹೇಳಲಿಲ್ಲ. ಬಿಡಿಸುವ ತನಕ ಹೇಳಬೇಕಾಗಿಯೂ ಇಲ್ಲ.

ಕೂತ ಮಂದಿಯಲ್ಲಿ ಗುಸುಗುಸು ಎದ್ದಿತು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಮಾವ ಮಾತ್ರ ಕಣ್ಣು ಮುಚ್ಚಿದ. ಅವನ ಮನೆಯಲ್ಲಿ ಟೀವಿ ಇರಲಿಲ್ಲ. ಅಳಿಯ ಟೀವಿ ರಿಪೇರಿ ಮಾಡುತ್ತಾನೆ ಎನ್ನುವುದೂ ಅವನಿಗೆ ಸ್ವಲ್ಪ ನಾಚಿಕೆಯ ವಿಷಯವೇ. ಅವನು ತನಗೆ ಗೊತ್ತಿದ್ದ ಅರಸರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುತ್ತಿದ್ದ. ತುಟಿ ಆಡುತ್ತಿದ್ದವು. ಡೊಳ್ಳು ಇನ್ನೊಂದು ಸುತ್ತು ಬಾರಿಸಿರಿ ಎಂದು ಸನ್ನೆ ಮಾಡಿದ. ತನಗೆ ಗೊತ್ತಿಲ್ಲದ ಒಂದು ಪುರಾಣ ಎಲ್ಲೋ ಇದೆ, ಇಷ್ಟು ವರ್ಷ ತನ್ನ ಕಿವಿಗೆ ಬಿದ್ದಿಲ್ಲ ಎಂದು ಅವನು ಅಂಜಿದ್ದ. ಅದನ್ನು ನಾನು ಅವನ ಬೆನ್ನಿನಲ್ಲೇ ಕಂಡೆ. ಆಮೇಲೆ ತಿರುಗಿ ನನ್ನ ಕಡೆ ನೋಡಿದ. ವಹಿಯಲ್ಲಿ ಏನಾದರೂ ಇದೆಯೇ ಎಂಬ ನೋಟ.

ಒಂದು ಮಾತು ಅವನ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು: ದಾಯಿ. ಇಲ್ಲವೇ ಎದ್ದು ನಿಂತು, ಇದು ಪುರಾಣ ಅಲ್ಲ, ಟೀವಿ ಕತೆ, ಇದರ ಉತ್ತರ ನಾನು ಮಾಡಿದ ಸುಳ್ಳು ಎನ್ನಬಹುದಿತ್ತು. ಎರಡೂ ಮಾಡಲಿಲ್ಲ. ಅಂಜಿಕೆಯಿಂದ ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಖರೆ ಅಲ್ಲ. ನನ್ನ ಮಾತು ಡೊಳ್ಳಿಗೆ ಹತ್ತಿತ್ತು. ಬೀಳಗಿಯವನ ಬಾಯಲ್ಲಿ, ಅಷ್ಟು ಒಳ್ಳೆಯ ಕಂಠದಲ್ಲಿ, ಅದು ಹಾಡಾಗಿ ಹೇಗೆ ಕೇಳಿಸುತ್ತದೋ ಕೇಳಬೇಕೆಂಬ ಆಸೆ ನನ್ನನ್ನು ಹಿಡಿದು ಕೂಡಿಸಿತು. ವಹಿಯ ಹಾಳೆ ತಿರುವುವ ನಾಟಕ ಮಾಡಿ, ಇಲ್ಲ ಎಂದು ತಲೆಯಾಡಿಸಿದೆ.

"ನನಗ ಗೊತ್ತಿಲ್ಲರಿ" ಎಂದ ಮಾವ. ಹದಿನೆಂಟು ವರ್ಷದಲ್ಲಿ ಆ ಕಟ್ಟೆಯ ಮೇಲೆ ಅವನು ಆ ಮಾತು ಆಡಿರಲಿಲ್ಲ.

ಬೀಳಗಿಯವನು ಹಾಡಿದ. ಹಾಲು ಕುಡಿಸಿದ ದಾಯಿ, ಅರಸನ ದಾಯಿ. ಚೆನ್ನಾಗಿಯೇ ಹಾಡಿದ. ಮಂದಿ ಸಿಳ್ಳೆ ಹಾಕಿದರು, ಕೂಗಿದರು. ಮಾವ ಕೈ ಎತ್ತಿ, "ಯಾವ ಪುರಾಣದಾಗ ಐತಿ, ಹೇಳಪಾ, ನಾನೂ ಕಲೀತೀನಿ" ಎಂದ. ಖರೆ ಮನಸ್ಸಿನಿಂದ ಕೇಳಿದ.

"ರವಿವಾರದ ಪುರಾಣ ಯಜಮಾನ್ರ, ಟೀವಿ ಪುರಾಣ" ಎಂದ ಬೀಳಗಿಯವನು. ಮತ್ತೆ ನಗು.

ಮಾವ ಪೂಜಾರಿಯ ಕಡೆ ನೋಡಿದ. ತೀರ್ಪು ಹೇಳುವವನು ಅವನೇ. ಪೂಜಾರಿಯ ಮನೆಯ ಟೀವಿಯನ್ನು ಆ ತಿಂಗಳಲ್ಲೇ ನಾನು ಎರಡು ಸಲ ಬಿಚ್ಚಿದ್ದೆ. ಅವನು ಗಂಟಲು ಸರಿ ಮಾಡಿಕೊಂಡು, "ಸವಾಲು ಸವಾಲ ನೋಡ್ರಿ. ಹೆಂಗಸ್ರು ಮಕ್ಕಳಿಗೆಲ್ಲ ಗೊತ್ತಿದ್ದ ಕತಿ ಹಾಡಕಿಯವಗ ಗೊತ್ತಿರಬೇಕೋ ಬ್ಯಾಡೋ?" ಎಂದ. ಇದು ನ್ಯಾಯ! ನೊಣದ ಹೇಲನ್ನು ಮಚ್ಚೆ ಎಂದವಳಿಗೂ ಇವನಿಗೂ ಏನು ಫರಕು? ಆದರೆ ಕೂತವರಲ್ಲಿ ಒಬ್ಬನೂ ಅಲ್ಲ ಎನ್ನಲಿಲ್ಲ. ಮಾವ ತಟ್ಟೆಯಿಂದ ಭಂಡಾರ ತೆಗೆದು, ತನ್ನ ಮಗನ ವಯಸ್ಸಿನವನ ಹಣೆಗೆ ಹಚ್ಚಿ, ಗೋಡೆ ಹಿಡಿದುಕೊಂಡು ಕಟ್ಟೆ ಇಳಿದ.

ಮರುದಿನ ಬೆಳಿಗ್ಗೆ ಬನಹಟ್ಟಿಗೆ ಹೋಗುವ ಮೊದಲು ಕುರಿಹಟ್ಟಿಯಲ್ಲಿ ಅವನಿಗೆ ಎಲ್ಲ ಹೇಳಿದೆ. ಸಾವುಕಾರ, ಕುರ್ಚಿ, ದಾಯಿ, ಎಲ್ಲ. ನಾನು ಸುಮ್ಮನೆ ಕೂತದ್ದನ್ನೂ ಹೇಳಿದೆ. ಬೈಯಲಿ, ಹೊಡೆಯಲಿ ಎಂದು ಕಾದೆ. ಅವನು ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ತೆಗೆದು, ಮರಿಯನ್ನು ಬಿಟ್ಟು ಕೇಳಿದ:

"ಹಾಲು ಕುಡಿಸಿದಾಕಿ ಮುಸುಕು ಯಾಕ ಹಾಕ್ಕೊಂಡ್ಲು?"

ನಾನು ಮರಿಯ ಕಡೆ ನೋಡಿದೆ. ಅವನು ಬಿಡಲಿಲ್ಲ.

"ತಾ ಎದಿಗೆ ಹಾಕ್ಕೊಂಡ ಕೂಸಿನ ತಲಿ ಸುಡೂ ಕಿರೀಟದ ಕೀಲಿ ಆಕಿ ಯಾಕ ಇಟಗೊಂಡ್ಲು? ಅವನ ಮ್ಯಾಲೆ ಸಿಟ್ಟೋ? ಏನು ಅವನ್ನ ಕಾಯಾಕೋ?"

"ನಾ ಅಷ್ಟು ವಿಚಾರ ಮಾಡಿಲ್ಲ ಮಾಮಾ."

ಅವನು ಕೈ ಕೊಡವಿ ಎದ್ದ. "ಯಾಕ ಅನ್ನೂದ ಇಲ್ದ ಕತಿ ಕಟ್ಟಿ ನನ್ನ ಕಟ್ಟಿ ಇಳಿಸಿದ್ಯಲ್ಲೋ" ಎಂದ. "ಛಲೋ ಕತಿಗೆ ಸೋತಿದ್ರ ನನಗ ಇಷ್ಟು ಕೆಟ್ಟ ಅನಸ್ತಿರಲಿಲ್ಲ."

ಬನಹಟ್ಟಿಯ ಮಂದಿಯನ್ನು ನಾನು ಯಾವ ಮಾತಿನಿಂದ ಅಳೆಯುತ್ತಿದ್ದೆನೋ ಅದೇ ಮಾತು. ನಾನು ಅವರಿಗಿಂತ ಕಡೆ. ಅವರು ಗದ್ದ ನೋಡಿ ಬಾಯಿ ಬಿಟ್ಟರು. ನಾನು ಗಾಳಿ ಬೀಸಿಸುವವರ ಸಾಲಿಗೆ ಸೇರಿದವನು.

ಮುಂದಿನ ಅಮಾವಾಸ್ಯೆಗೆ ಗುಡಿಯ ಮುಂದೆ ನಿಂತು ಎಲ್ಲರೆದುರು ಒಪ್ಪಿಕೊಂಡೆ. ಮಾವ ಹೇಳು ಅಂದಿರಲಿಲ್ಲ, ನಾನೇ ನಿಂತೆ. ದಾಯಿ ಗೀಯಿ ಯಾರೂ ಇಲ್ಲ, ನಾನು ನನ್ನ ಅಂಗಡಿಯಲ್ಲಿ ಹುಟ್ಟಿಸಿದ ಸುಳ್ಳು ಅದು, ಸವಾಲು ರದ್ದು ಮಾಡಬೇಕು ಅಂದೆ. ಕೂತವರಲ್ಲಿ ಒಬ್ಬ ನಕ್ಕ.

"ಲೇ, ನೀ ಟೀವಿ ಬಿಚ್ಚಾಂವ. ಕತಿ ಕಟ್ಟವರು ಮುಂಬೈದಾಗ ಇರ್ತಾರ."

"ಜಮಖಂಡ್ಯಾಗ ನನ್ನ ಬೀಗರು ಹೇಳ್ಯಾರ, ದಾಯಿನ ಅಂತ. ಅವರು ಸುಳ್ಳು ಹೇಳ್ತಾರೇನು?" ಎಂದ ಇನ್ನೊಬ್ಬ.

ಪೂಜಾರಿ ಎದ್ದು ಬಂದು ನನ್ನ ಬೆನ್ನು ಸವರಿದ. "ಮಾವನ ಮಾನ ಉಳಸಾಕ ಸುಳ್ಳು ಹೇಳಾಕತ್ತಾನ. ಎಷ್ಟು ಜೀವ ನೋಡ್ರಿ ಮಾವನ ಮ್ಯಾಲೆ. ಇಂಥ ಅಳಿಯಾ ಸಿಗಬೇಕಂದ್ರ ಪುಣ್ಯೇ ಮಾಡಿರಬೇಕು" ಎಂದ. ಮಂದಿ ಹೌದು ಹೌದು ಎಂದು ತಲೆದೂಗಿದರು. ಕೆಲವು ಹೆಂಗಸರು ಕಣ್ಣು ಒರೆಸಿಕೊಂಡರು. ಸುಳ್ಳು ಹೇಳಿದಾಗ ನಂಬಿ, ಖರೆ ಹೇಳಿದಾಗ ನನ್ನನ್ನು ಒಳ್ಳೆಯ ಸುಳ್ಳುಗಾರ ಎಂದು ಹೊಗಳಿ ಮನೆಗೆ ಕಳಿಸಿದರು. ಅಷ್ಟು ಮಂದಿಯ ಮುಖಕ್ಕೆ ಉಗುಳಬೇಕು ಅನ್ನಿಸಿತು. ಅವರಿಗೆ ಕತೆಯ ಆಸೆಯೂ ಇರಲಿಲ್ಲ, ಖರೆಯ ಆಸೆಯೂ ಇರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದು ತಮಗೂ ಗೊತ್ತಿರಬೇಕು, ಅಷ್ಟೇ. ಎರಡು ತಿಂಗಳಾದ ಮೇಲೆ ಧಾರಾವಾಹಿಯೂ ಹೇಳದೆ ಕೇಳದೆ ನಿಂತುಹೋಯಿತು. ಮುಸುಕು ಏಳಲೇ ಇಲ್ಲ. ಈಗಲೂ ಆ ಕಡೆಯ ಹಳೆಯ ಮಂದಿಯನ್ನು ಕೇಳಿದರೆ ದಾಯಿ ಎನ್ನುತ್ತಾರೆ.

ಮಾವ ಆಮೇಲೆ ಹತ್ತು ಹನ್ನೆರಡು ವರ್ಷ ಬದುಕಿದ್ದ. ಮಳೆಯ ಪದ, ಮದುವೆಯ ಪದ ಹಾಡುತ್ತಿದ್ದ. ಸವಾಲಿಗೆ ಮಾತ್ರ ನಿಲ್ಲಲಿಲ್ಲ. ನನ್ನ ವಹಿಯನ್ನು ಹೊಸ ಹುಡುಗರಿಗೆ ಕೊಡು ಎಂದ, ಕೊಟ್ಟೆ. ಅಮಾವಾಸ್ಯೆ ದಿನ ಕಟ್ಟೆಯ ಕೆಳಗೆ ಮಂದಿಯ ನಡುವೆ ಕೂಡುತ್ತಿದ್ದ, ಪಕ್ಕದಲ್ಲಿ ನಾನು.

ಒಂದು ಸಲ ಮುಧೋಳ ಕಡೆಯ ಮೇಳದವರು ಹಾಕಿದ ಸವಾಲಿಗೆ ನಮ್ಮ ಹುಡುಗರು ತಡವರಿಸಿ ನಿಂತರು. ನಮ್ಮ ಬೀರೇಶ್ವರನ ತಾಯಿಯದೇ ಒಂದು ಸುಲಭದ ಗಂಟು. ಮಾವ ಅದನ್ನು ನೂರು ಸಲ ಬಿಡಿಸಿದ್ದ. ಮೀಸೆಯ ಕೆಳಗೆ ಅವನ ತುಟಿ ಆಡಿದ್ದನ್ನು ಕಂಡೆ. ಹುಡುಗರೂ ಅವನ ಕಡೆಗೇ ನೋಡುತ್ತಿದ್ದರು.

"ಮಾಮಾ, ನಿನಗ ಗೊತ್ತೈತಿ. ಹೇಳಿಬಿಡು" ಅಂದೆ.

ಅವನು ತುಟಿ ಮುಚ್ಚಿದ. "ಹೇಳಿದ್ರ, ಟೀವಿದಾಗ ಹಂಗಿಲ್ಲ ಅಂತಾರ" ಎಂದು ಮೆಲ್ಲಗೆ ಹೇಳಿ, ಬಿಸಿಲಿಗೆ ತಲೆಯ ರುಮಾಲು ಸರಿ ಮಾಡಿಕೊಂಡ. ನಮ್ಮ ಮೇಳ ಅವತ್ತು ಸೋತಿತು.